‘ಬಂದಿಲ್ಲ’, ‘ಬರಲಿಲ್ಲ’, ‘ಬಂದಿರಲಿಲ್ಲ’: ಇಂಗ್ಲಿಷಿನ ‘ಹ್ಯಾವಂಟ್’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯಲ್ಲಿ ಇದಕ್ಕೆ ‘ಪ್ರೆಸೆಂಟ್ ಪರ್ಫೆಕ್ಟ್, ನೆಗೆಟಿವ್’ ಅಂತ ಹೆಸರಿಟ್ಟು, ಹತ್ತು ವಾಕ್ಯ ಬದಲಾಯಿಸಲು ಕೊಟ್ಟು, ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ. ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆಮೇಲೆ ಆಫೀಸಿನ ಕಾಲ್‌ನಲ್ಲಿ ಕೂತಾಗ, ಕಸ್ಟಮರ್ ಕೇರ್‌ನವರ ಜೊತೆ ವಾದ ಮಾಡುವಾಗ ‘ಡಿಡಂಟ್’ ಅನ್ನಬೇಕಾ ‘ಹ್ಯಾವಂಟ್’ ಅನ್ನಬೇಕಾ ಅಂತ ನಾಲಿಗೆ ತಡವರಿಸುತ್ತದೆ. ಅಂಥವರಿಗಾಗಿ ಈ ಪುಟ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ, ಒಮ್ಮೆ ಜೋರಾಗಿ ಓದಿಕೊಳ್ಳಿ.

ಈ ಕ್ರಿಯಾಪದದ ರೂಪ ಹೇಗಿರುತ್ತದೆ?

‘ಹ್ಯಾವ್’, ‘ಹ್ಯಾಸ್’ ಅಥವಾ ‘ಹ್ಯಾಡ್’, ಅದಾದ ಮೇಲೆ ‘ನಾಟ್’, ಅದಾದ ಮೇಲೆ ಕ್ರಿಯಾಪದದ ಮೂರನೇ ರೂಪ. ‘ಐ ಹ್ಯಾವ್ ನಾಟ್ ಸೀನ್’, ‘ಶಿ ಹ್ಯಾಸ್ ನಾಟ್ ಕಾಲ್ಡ್’, ‘ದೇ ಹ್ಯಾಡ್ ನಾಟ್ ಪೇಯ್ಡ್’. ಮಾತಿನಲ್ಲಿ ‘ನಾಟ್’ ಕುಗ್ಗಿ ‘ಹ್ಯಾವಂಟ್’, ‘ಹ್ಯಾಸಂಟ್’, ‘ಹ್ಯಾಡಂಟ್’ ಆಗುತ್ತದೆ. ‘ಹ್ಯಾವ್’ಗಿಂತ ಮುಂಚೆ ‘ವುಡ್’, ‘ಶುಡ್’, ‘ಕುಡ್’ ಬಂದರೆ ಅವುಗಳಿಗೇ ‘ನಾಟ್’ ಅಂಟಿಕೊಂಡು ‘ಶುಡಂಟ್ ಹ್ಯಾವ್’, ‘ಕುಡಂಟ್ ಹ್ಯಾವ್’ ಆಗುತ್ತದೆ. ರೂಪ ಇಷ್ಟೇ. ತಲೆನೋವು ಇರುವುದು ಯಾವಾಗ ಬಳಸಬೇಕು ಅನ್ನುವುದರಲ್ಲಿ.

‘ಡಿಡಂಟ್’ಗೂ ‘ಹ್ಯಾವಂಟ್’ಗೂ ಏನು ವ್ಯತ್ಯಾಸ? ಎರಡೂ ‘ಮಾಡಲಿಲ್ಲ’ ಅಂತಾನೇ ಅಲ್ವಾ?

ಅಲ್ಲ. ವಿಚಿತ್ರ ಅಂದ್ರೆ ಈ ವ್ಯತ್ಯಾಸ ನಿಮಗೆ ಆಗಲೇ ಗೊತ್ತು, ದಿನವಿಡೀ ಕನ್ನಡದಲ್ಲಿ ಬಳಸುತ್ತಲೇ ಇದ್ದೀರಿ.

‘ಕೊರಿಯರ್ ಬಂದಿಲ್ಲ’ ಅಂತ ಯಾವಾಗ ಹೇಳುತ್ತೀರಿ? ಬೆಳಿಗ್ಗೆ ಹನ್ನೊಂದು ಗಂಟೆಗೆ, ಇನ್ನೂ ಬರಬಹುದು ಅನ್ನುವ ಹೊತ್ತಿನಲ್ಲಿ. ‘ಕೊರಿಯರ್ ಬರಲಿಲ್ಲ’ ಅಂತ ಯಾವಾಗ ಹೇಳುತ್ತೀರಿ? ರಾತ್ರಿ, ಕಾದು ಕಾದು ಸುಸ್ತಾದ ಮೇಲೆ. ಮೊದಲನೆಯದರಲ್ಲಿ ವಿಷಯ ಇನ್ನೂ ಮುಗಿದಿಲ್ಲ. ಎರಡನೆಯದರಲ್ಲಿ ಆ ದಿನದ ಕಥೆ ಮುಗಿಯಿತು. ಇಂಗ್ಲಿಷಿನಲ್ಲೂ ಹಾಗೇ. ‘ದ ಕೊರಿಯರ್ ಹ್ಯಾಸಂಟ್ ಕಮ್’ ಅಂದರೆ ಬಂದಿಲ್ಲ. ‘ದ ಕೊರಿಯರ್ ಡಿಡಂಟ್ ಕಮ್’ ಅಂದರೆ ಬರಲಿಲ್ಲ.

ಇನ್ನೊಂದು. ಬೆಳಿಗ್ಗೆ ಒಂಬತ್ತಕ್ಕೆ ಯಾರೋ ತಿಂಡಿ ಬಗ್ಗೆ ಕೇಳಿದರೆ ‘ಐ ಹ್ಯಾವಂಟ್ ಹ್ಯಾಡ್ ಬ್ರೇಕ್‌ಫಾಸ್ಟ್’. ಇನ್ನೂ ಹೊತ್ತಿದೆ, ಹೋಟೆಲ್‌ಗೆ ಕರೆದರೆ ಹೋಗುತ್ತೀರಿ. ಅದೇ ದಿನ ಮಧ್ಯಾಹ್ನ ಮೂರಕ್ಕೆ ತಲೆ ಸುತ್ತಿ ಕೂತಾಗ ‘ಐ ಡಿಡಂಟ್ ಹ್ಯಾವ್ ಬ್ರೇಕ್‌ಫಾಸ್ಟ್’. ತಿಂಡಿಯ ಹೊತ್ತು ದಾಟಿಹೋಗಿದೆ. ಮನುಷ್ಯ ಅವನೇ, ದಿನವೂ ಅದೇ, ತಿನ್ನದೇ ಇದ್ದದ್ದೂ ಅದೇ ಇಡ್ಲಿ. ನಡುವೆ ಗಡಿಯಾರ ಮಾತ್ರ ಮುಂದೆ ಹೋಗಿದೆ.

ಹಾಗಾಗಿ ಅನುಮಾನ ಬಂದಾಗ ಆ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ. ಬಾಯಿಗೆ ‘ಲಿ’ ಸೇರದ ಬರೀ ‘-ಇಲ್ಲ’ ಬಂದರೆ, ಅಂದರೆ ನೋಡಿಲ್ಲ, ಸಿಕ್ಕಿಲ್ಲ, ಕಳಿಸಿಲ್ಲ ಅನ್ನುವ ಥರ ಬಂದರೆ, ಹೆಚ್ಚಿನ ಸಲ ಅದು ‘ಹ್ಯಾವಂಟ್’. ‘-ಲಿಲ್ಲ’ ಬಂದರೆ, ನೋಡಲಿಲ್ಲ, ಸಿಗಲಿಲ್ಲ, ಕಳಿಸಲಿಲ್ಲ ಅನ್ನುವ ಥರ ಬಂದರೆ, ಅದು ‘ಡಿಡಂಟ್’. ಬ್ಯಾಂಕಿನವರು ಓಟಿಪಿ ಹೇಳಿ ಅಂದಾಗ ನಾವು ಕನ್ನಡದಲ್ಲಿ ಹೇಳುವುದು ‘ಇನ್ನೂ ಬಂದಿಲ್ಲ’. ಇಂಗ್ಲಿಷಿನಲ್ಲಿ ‘ಐ ಹ್ಯಾವಂಟ್ ರಿಸೀವ್ಡ್ ಇಟ್ ಯೆಟ್’. ಅಲ್ಲಿ ‘ಐ ಡಿಡಂಟ್ ರಿಸೀವ್’ ಅಂದರೂ ಅವರಿಗೆ ಅರ್ಥವಾಗುತ್ತದೆ, ಜಗಳವೇನೂ ಆಗುವುದಿಲ್ಲ. ಆದರೆ ‘ಇನ್ನೂ ಕಾಯ್ತಾ ಇದ್ದೀನಿ’ ಅನ್ನುವ ಭಾವ ಅದರಲ್ಲಿ ಸ್ವಲ್ಪ ಕಡಿಮೆ.

ಹಾಗಾದರೆ ಕಣ್ಣು ಮುಚ್ಚಿ ಕನ್ನಡವನ್ನೇ ನಂಬಬಹುದಾ?

ಕಣ್ಣು ಅರ್ಧ ತೆರೆದಿರಲಿ. ಎರಡು ಕಡೆ ಕನ್ನಡ ನಮ್ಮನ್ನು ಹಳ್ಳಕ್ಕೆ ಹಾಕುತ್ತದೆ.

ಒಂದು, ಮಾತಿನ ಕನ್ನಡದಲ್ಲಿ ‘ನಿನ್ನೆ ಅವನು ಬಂದೇ ಇಲ್ಲ’ ಅನ್ನುತ್ತೇವೆ. ನಮಗೆ ಅದು ಸಹಜ. ಅದನ್ನೇ ‘ಹಿ ಹ್ಯಾಸ್ ನಾಟ್ ಕಮ್ ಯೆಸ್ಟರ್‌ಡೇ’ ಅಂತ ಸಾಗಿಸಿದರೆ ಇಂಗ್ಲಿಷ್ ಒಪ್ಪುವುದಿಲ್ಲ. ನಿನ್ನೆ, ಹೋದ ವಾರ, 2019ರಲ್ಲಿ, ನಾನು ಚಿಕ್ಕವನಿದ್ದಾಗ ಅಂತ ಮುಗಿದುಹೋದ ಕಾಲವನ್ನು ಬೊಟ್ಟು ಮಾಡಿ ತೋರಿಸಿದರೆ ‘ಹ್ಯಾವಂಟ್’ ಬರಬಾರದು. ‘ಹಿ ಡಿಡಂಟ್ ಕಮ್ ಯೆಸ್ಟರ್‌ಡೇ’. ಇದರಲ್ಲಿ ರಿಯಾಯಿತಿ ಇಲ್ಲ.

ಎರಡು, ‘ನಿನ್ನೆ ನಾನು ಆಫೀಸಿಗೆ ಹೋಗಿರಲಿಲ್ಲ’. ಇದು ಇನ್ನೂ ದೊಡ್ಡ ಬಲೆ. ಕನ್ನಡದಲ್ಲಿ ಸರಿಯಾಗೇ ಇದೆ. ಇಂಗ್ಲಿಷಿಗೆ ಬಂದಾಗ ‘ಐ ಹ್ಯಾಡ್ ನಾಟ್ ಗಾನ್ ಟು ಆಫೀಸ್ ಯೆಸ್ಟರ್‌ಡೇ’ ಆಗುತ್ತದೆ. ನಮ್ಮ ಆಫೀಸುಗಳಲ್ಲಿ ದಿನಾ ಕೇಳಿಬರುವ ವಾಕ್ಯ ಇದು. ಹೊರಗಿನವರು ಕೇಳಿದರೆ ‘ಯಾವುದಕ್ಕಿಂತ ಮುಂಚೆ ಹೋಗಿರಲಿಲ್ಲ?’ ಅಂತ ಮುಂದಿನ ಮಾತಿಗೆ ಕಾಯುತ್ತಾರೆ. ಇಲ್ಲೂ ‘ಐ ಡಿಡಂಟ್ ಗೋ’ ಸಾಕು.

‘ಹ್ಯಾಡಂಟ್’ ನಿಜವಾಗಿ ಬೇಕಾಗುವುದು ಯಾವಾಗ?

ಹಳೆಯ ಘಟನೆಯೊಂದನ್ನು ಹೇಳುತ್ತಾ, ಅದಕ್ಕೂ ಮುಂಚೆ ಆಗದೇ ಇದ್ದದ್ದನ್ನು ಹೇಳುವಾಗ. ‘ನಾನು ಸ್ಟೇಷನ್ ತಲುಪಿದಾಗ ಟ್ರೈನ್ ಬಂದಿರಲಿಲ್ಲ’: ‘ವೆನ್ ಐ ಗಾಟ್ ಟು ದ ಸ್ಟೇಷನ್, ದ ಟ್ರೈನ್ ಹ್ಯಾಡಂಟ್ ಕಮ್’. ತಲುಪಿದ್ದು ಒಂದು ಕ್ಷಣ, ಟ್ರೈನ್ ಬಾರದಿದ್ದದ್ದು ಆ ಕ್ಷಣದವರೆಗಿನ ಸಂಗತಿ. ಹೀಗೆ ಹಿಂದೆ-ಮುಂದೆ ಎರಡು ಹೊತ್ತು ಇದ್ದರೆ ‘ಹ್ಯಾಡಂಟ್’.

ಬೇರೆಯವರ ಮಾತನ್ನು ವರದಿ ಮಾಡುವಾಗಲೂ ಬರುತ್ತದೆ. ಅವಳು ‘ಐ ಹ್ಯಾವಂಟ್ ಸೀನ್ ದ ಮೇಲ್’ ಅಂದಿದ್ದನ್ನು ಆಮೇಲೆ ‘ಶಿ ಸೆಡ್ ಶಿ ಹ್ಯಾಡಂಟ್ ಸೀನ್ ದ ಮೇಲ್’ ಅನ್ನುತ್ತೇವೆ.

ಇನ್ನು ‘ಆಗದೇ ಇದ್ದಿದ್ದರೆ’ ಅನ್ನುವ ಲೆಕ್ಕಾಚಾರ. ‘ನೀವು ಫೋನ್ ಮಾಡದೇ ಇದ್ದಿದ್ದರೆ ನಾನು ಏಳ್ತಾನೇ ಇರಲಿಲ್ಲ’: ‘ಇಫ್ ಯು ಹ್ಯಾಡಂಟ್ ಕಾಲ್ಡ್, ಐ ವುಡಂಟ್ ಹ್ಯಾವ್ ವೋಕನ್ ಅಪ್’. ಇಲ್ಲಿ ‘ಇಫ್’ ಇರುವ ಕಡೆ ‘ಹ್ಯಾಡಂಟ್’, ಫಲಿತಾಂಶದ ಕಡೆ ‘ವುಡಂಟ್ ಹ್ಯಾವ್’. ಅಮೆರಿಕದ ಹರಟೆಯಲ್ಲಿ ‘ಇಫ್ ಯು ವುಡಂಟ್ ಹ್ಯಾವ್ ಕಾಲ್ಡ್’ ಅಂತಲೂ ಕೇಳುತ್ತೀರಿ. ಬರವಣಿಗೆಯಲ್ಲಿ ಬೇಡ. ಪುಸ್ತಕದ ಇಂಗ್ಲಿಷಿನಲ್ಲಿ ‘ಇಫ್’ ಬಿಟ್ಟು ‘ಹ್ಯಾಡ್ ಯು ನಾಟ್ ಕಾಲ್ಡ್’ ಅಂತ ತಿರುವುತ್ತಾರೆ. ಓದಿದಾಗ ಗುರುತು ಸಿಕ್ಕರೆ ಸಾಕು, ಮಾತಿನಲ್ಲಿ ಬಳಸಿದರೆ ಭಾಷಣದ ಹಾಗೆ ಕೇಳುತ್ತದೆ.

ಅಮೆರಿಕದವರು ‘ಡಿಡ್ ಯು ಈಟ್ ಯೆಟ್?’ ಅನ್ನುತ್ತಾರಲ್ಲ, ಅದು ತಪ್ಪಲ್ವಾ?

ಅವರ ಊರಿನಲ್ಲಿ ತಪ್ಪಲ್ಲ. ‘ಐ ಡಿಡಂಟ್ ಈಟ್ ಯೆಟ್’ ಅಮೆರಿಕದ ಮನೆಮಾತು. ಬ್ರಿಟನ್ನಿನವರು ಅದೇ ಜಾಗದಲ್ಲಿ ‘ಐ ಹ್ಯಾವಂಟ್ ಈಟನ್ ಯೆಟ್’ ಅನ್ನುತ್ತಾರೆ. ಅಮೆರಿಕದವರೂ ‘ಹ್ಯಾವಂಟ್’ ಬಳಸುತ್ತಾರೆ, ಬಿಟ್ಟುಬಿಟ್ಟಿಲ್ಲ. ನನ್ನ ಸಲಹೆ: ‘ಯೆಟ್’ ಇದ್ದರೆ ‘ಹ್ಯಾವಂಟ್’ ಹಾಕಿ. ಅದು ಎರಡೂ ಕಡೆ ನಡೆಯುತ್ತದೆ, ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಪರೀಕ್ಷೆಯಲ್ಲೂ ನಡೆಯುತ್ತದೆ.

‘ಯೆಟ್’ ಮತ್ತು ‘ಸ್ಟಿಲ್’ ಎರಡೂ ‘ಇನ್ನೂ’ ಅಲ್ವಾ? ಯಾವುದನ್ನು ಎಲ್ಲಿ ಹಾಕಬೇಕು?

‘ಯೆಟ್’ ಸಾಮಾನ್ಯವಾಗಿ ವಾಕ್ಯದ ಕೊನೆಗೆ: ‘ಹಿ ಹ್ಯಾಸಂಟ್ ರಿಪ್ಲೈಡ್ ಯೆಟ್’. ‘ಸ್ಟಿಲ್’ ಬರುವುದು ‘ಹ್ಯಾಸಂಟ್’ಗಿಂತ ಮುಂಚೆ: ‘ಹಿ ಸ್ಟಿಲ್ ಹ್ಯಾಸಂಟ್ ರಿಪ್ಲೈಡ್’. ಇಲ್ಲಿ ಜಾಗದ ಜೊತೆ ಧಾಟಿಯೂ ಬದಲಾಗುತ್ತದೆ. ಮೊದಲನೆಯದು ಸುಮ್ನೆ ಮಾಹಿತಿ, ‘ಇನ್ನೂ ಉತ್ತರ ಬಂದಿಲ್ಲ’. ಎರಡನೆಯದರಲ್ಲಿ ಅಸಮಾಧಾನ ಇದೆ, ‘ಇಷ್ಟು ಹೊತ್ತಾದರೂ ಉತ್ತರ ಕೊಟ್ಟಿಲ್ಲ ನೋಡಿ’. ಮೇಲಧಿಕಾರಿಗೆ ಬರೆಯುವ ಮೇಲ್‌ನಲ್ಲಿ ‘ಯು ಸ್ಟಿಲ್ ಹ್ಯಾವಂಟ್ ಅಪ್ರೂವ್ಡ್ ಮೈ ಲೀವ್’ ಅಂತ ಬರೆದರೆ ಹಲ್ಲು ಕಡಿಯುವ ಸದ್ದು ಅವರಿಗೂ ಕೇಳಿಸುತ್ತದೆ.

ಹಳೆಯ ಅಥವಾ ಗಂಭೀರ ಇಂಗ್ಲಿಷಿನಲ್ಲಿ ‘ಯೆಟ್’ ನಡುವೆ ಬರುವುದೂ ಉಂಟು. 1779ರಲ್ಲಿ ಇಂಗ್ಲೆಂಡಿನ ಫ್ಲ್ಯಾಂಬರೊ ಹೆಡ್ ಬಳಿ ನಡೆದ ಸಮುದ್ರ ಯುದ್ಧದಲ್ಲಿ, ಶರಣಾಗುತ್ತೀಯಾ ಅಂತ ಬ್ರಿಟಿಷರು ಕೇಳಿದಾಗ, ಅಮೆರಿಕದ ನೌಕಾ ನಾಯಕ ಜಾನ್ ಪಾಲ್ ಜೋನ್ಸ್ ‘ಐ ಹ್ಯಾವ್ ನಾಟ್ ಯೆಟ್ ಬಿಗನ್ ಟು ಫೈಟ್’ ಅಂದನೆಂದು ಪ್ರತೀತಿ. ನಾನಿನ್ನೂ ಕಾದಾಡೋಕೆ ಶುರುವೇ ಮಾಡಿಲ್ಲ! ಕೆಳಗೆ ಅವನ ಹಡಗು ಮುಳುಗುವ ಸ್ಥಿತಿಯಲ್ಲಿತ್ತು. ಇವತ್ತು ‘ಹ್ಯಾವ್ ನಾಟ್ ಯೆಟ್’ ಅನ್ನುವ ಜೋಡಣೆ ಹೆಚ್ಚಾಗಿ ಆಫೀಸ್ ಪತ್ರಗಳಲ್ಲಿ, ಸುದ್ದಿಯಲ್ಲಿ ಕಾಣುತ್ತದೆ.

‘ನೆವರ್’ ಬಂದಾಗ ‘ನಾಟ್’ ಬೇಕಾ?

ಬೇಡ. ‘ಐ ಹ್ಯಾವ್ ನೆವರ್ ಸೀನ್ ಸ್ನೋ’ ಅಂದರೆ ‘ನಾನು ಹಿಮ ನೋಡೇ ಇಲ್ಲ’. ಆ ‘ಏ ಇಲ್ಲ’ ಅನ್ನುವ ಒತ್ತು ‘ನೆವರ್’ ಒಳಗೇ ಇದೆ. ‘ಐ ಹ್ಯಾವಂಟ್ ಎವರ್ ಸೀನ್’ ಅಂದರೂ ಸರಿ, ಆದರೆ ‘ನೆವರ್’ ಹೆಚ್ಚು ಸಹಜ.

ಬ್ರಿಟನ್ನಿನ ಪ್ರಧಾನಿಯಾಗಿದ್ದ ಹೆರಾಲ್ಡ್ ಮ್ಯಾಕ್‌ಮಿಲನ್ 1957ರ ಜುಲೈನಲ್ಲಿ ಬೆಡ್‌ಫರ್ಡ್‌ನಲ್ಲಿ ಭಾಷಣ ಮಾಡುತ್ತಾ ನಮ್ಮ ಜನರಲ್ಲಿ ಹೆಚ್ಚಿನವರು ‘ಹ್ಯಾವ್ ನೆವರ್ ಹ್ಯಾಡ್ ಇಟ್ ಸೋ ಗುಡ್’ ಅಂದರು. ಇಷ್ಟು ಚೆನ್ನಾಗಿ ಯಾವತ್ತೂ ಬದುಕಿಲ್ಲ ಅಂತ ಅರ್ಥ. ರೂಪದಲ್ಲಿ ನಿಷೇಧ, ಹೇಳುತ್ತಿರುವುದು ಸಂತೋಷದ ಸುದ್ದಿ. ‘ಐ’ವ್ ನೆವರ್ ಟೇಸ್ಟೆಡ್ ಎನಿಥಿಂಗ್ ಸೋ ಗುಡ್’ ಅಂತ ಊಟ ಹೊಗಳುವುದೂ ಇದೇ ಅಚ್ಚಿನಲ್ಲಿ. ನಾವೂ ‘ಇಂಥ ಹೋಳಿಗೆ ತಿಂದೇ ಇರಲಿಲ್ಲ’ ಅಂತ ಹೊಗಳುವುದಿಲ್ಲವೇ.

‘ಸಿನ್ಸ್ ಟು ಡೇಸ್’ ಯಾಕೆ ತಪ್ಪು?

‘ಎರಡು ದಿನದಿಂದ’ ಮತ್ತು ‘ಸೋಮವಾರದಿಂದ’ ಎರಡಕ್ಕೂ ಕನ್ನಡದಲ್ಲಿ ‘ಇಂದ’ ಒಂದೇ. ಇಂಗ್ಲಿಷಿನಲ್ಲಿ ಬೇರೆ ಬೇರೆ. ಶುರುವಾದ ಹೊತ್ತು ಹೇಳಿದರೆ ‘ಸಿನ್ಸ್’: ‘ಐ ಹ್ಯಾವಂಟ್ ಸ್ಲೆಪ್ಟ್ ಸಿನ್ಸ್ ಮಂಡೇ’. ಅವಧಿ ಹೇಳಿದರೆ ‘ಫಾರ್’: ‘ಐ ಹ್ಯಾವಂಟ್ ಸ್ಲೆಪ್ಟ್ ಫಾರ್ ಟು ಡೇಸ್’. ಜೊತೆಗೆ ‘ಐ ಡಿಡಂಟ್ ಸೀ ಹಿಮ್ ಸಿನ್ಸ್ ಉಗಾದಿ’ ಅನ್ನಬೇಡಿ. ಉಗಾದಿಯಿಂದ ಇವತ್ತಿನವರೆಗೆ ಚಾಚಿಕೊಂಡ ಕಾಲ ಅದು, ‘ಹ್ಯಾವಂಟ್ ಸೀನ್’ ಬೇಕು. ‘ಸಿನ್ಸ್ ಮಾರ್ನಿಂಗ್’ ನಮ್ಮ ದೇಶದ ಇಂಗ್ಲಿಷ್. ಹೊರಗೆ ‘ಸಿನ್ಸ್ ದಿಸ್ ಮಾರ್ನಿಂಗ್’ ಅಥವಾ ‘ಆಲ್ ಡೇ’ ಅನ್ನುತ್ತಾರೆ: ‘ಐ ಹ್ಯಾವಂಟ್ ಈಟನ್ ಆಲ್ ಡೇ’.

ಒಂದು ಸಣ್ಣ ವಿಚಿತ್ರ. ‘ವರ್ಷಗಳಿಂದ ನೋಡಿಲ್ಲ’ ಅನ್ನುವುದಕ್ಕೆ ಅಮೆರಿಕದವರು ‘ಐ ಹ್ಯಾವಂಟ್ ಸೀನ್ ಹಿಮ್ ಇನ್ ಇಯರ್ಸ್’ ಅಂತ ‘ಇನ್’ ಹಾಕುತ್ತಾರೆ. ಈ ‘ಇನ್’ ಹೆಚ್ಚಾಗಿ ಇಂಥ ‘ಇಲ್ಲ’ ವಾಕ್ಯದಲ್ಲಿ ನಡೆಯುತ್ತದೆ. ‘ಐ ಹ್ಯಾವ್ ಲಿವ್ಡ್ ಹಿಯರ್ ಇನ್ ಇಯರ್ಸ್’ ಅಂತ ಯಾರೂ ಅನ್ನುವುದಿಲ್ಲ, ಅಲ್ಲಿ ‘ಫಾರ್’ ಬೇಕು.

‘ಹ್ಯಾವಂಟ್ ಯು ಈಟನ್?’ ಅಂತ ಕೇಳಿದರೆ ‘ಎಸ್’ ಅನ್ನಬೇಕಾ ‘ನೋ’ ಅನ್ನಬೇಕಾ?

ಕನ್ನಡಿಗರು ಅತಿ ಹೆಚ್ಚು ಎಡವುವ ಜಾಗ ಇದೇ ಅಂತ ನನ್ನ ಅನಿಸಿಕೆ. ವ್ಯಾಕರಣ ಅರೆದು ಕುಡಿದವರೂ ಇಲ್ಲಿ ಬೀಳುತ್ತಾರೆ.

‘ಊಟ ಆಗಿಲ್ವಾ?’ ಅಂದರೆ ನಾವು ‘ಹೂಂ, ಆಗಿಲ್ಲ’ ಅನ್ನುತ್ತೇವೆ. ಆ ‘ಹೂಂ’ ಕೇಳಿದವರ ಊಹೆಗೆ ಕೊಟ್ಟ ಒಪ್ಪಿಗೆ, ನೀವು ಅಂದುಕೊಂಡದ್ದು ಸರಿ ಅಂತ. ಇಂಗ್ಲಿಷಿನಲ್ಲಿ ಉತ್ತರ ಊಹೆಗಲ್ಲ, ಸಂಗತಿಗೆ. ಊಟ ಆಗಿಲ್ಲವಾ? ‘ನೋ, ಐ ಹ್ಯಾವಂಟ್’. ಆಗಿದೆಯಾ? ‘ಎಸ್, ಐ ಹ್ಯಾವ್’. ಪ್ರಶ್ನೆ ‘ಹ್ಯಾವ್ ಯು’ ಅಂತ ಬಂದರೂ ‘ಹ್ಯಾವಂಟ್ ಯು’ ಅಂತ ಬಂದರೂ ಉತ್ತರ ಬದಲಾಗುವುದಿಲ್ಲ.

ಇದು ಸಣ್ಣ ವಿಷಯ ಅನ್ನಿಸಬಹುದು. ಈ ಮಾತುಕತೆ ನೋಡಿ.

‘ಸೋ ಯು ಹ್ಯಾವಂಟ್ ಪೇಯ್ಡ್ ದ ಬಿಲ್?’
‘ಎಸ್.’
‘ಓ ಗುಡ್, ವೆನ್ ಡಿಡ್ ಯು ಪೇ?’
‘ನೋ ನೋ, ಐ ಹ್ಯಾವಂಟ್ ಪೇಯ್ಡ್.’
‘…ಸಾರಿ?’

ಒಂದೇ ‘ಎಸ್’ನಿಂದ ಎರಡು ನಿಮಿಷ ಹಾಳು. ಉಪಾಯ ಸುಲಭ: ಬರೀ ‘ಎಸ್’, ‘ನೋ’ ಅಂತ ನಿಲ್ಲಿಸಬೇಡಿ, ಬಾಲ ಸೇರಿಸಿ. ‘ನೋ, ಐ ಹ್ಯಾವಂಟ್’ ಪೂರ್ತಿ ಹೇಳಿದರೆ ಗೊಂದಲವೇ ಇಲ್ಲ. ‘ಎಸ್, ಐ ಹ್ಯಾವಂಟ್’ ಅಂತ ಮಾತ್ರ ಹೇಳಬೇಡಿ, ಕೇಳಿದವರು ತಲೆ ಕೆರೆದುಕೊಳ್ಳುತ್ತಾರೆ.

ವಾಕ್ಯದ ಕೊನೆಯ ‘ಅಲ್ವಾ’ ಕೂಡ ಇದೇ ಗುಂಪಿಗೆ ಸೇರಿದ್ದು. ‘ನೀವು ದುಡ್ಡು ಕಟ್ಟಿಲ್ಲ ಅಲ್ವಾ?’ ಅನ್ನುವುದಕ್ಕೆ ‘ಯು ಹ್ಯಾವಂಟ್ ಪೇಯ್ಡ್, ಇಸಂಟ್ ಇಟ್?’ ಅನ್ನುತ್ತೇವೆ. ನಮ್ಮ ‘ಅಲ್ವಾ’ ಎಲ್ಲಿ ಬೇಕಾದರೂ ಹೊಂದುತ್ತದೆ, ಅವರದ್ದು ಪ್ರತಿ ಸಲ ಬದಲಾಗುತ್ತದೆ. ಇಲ್ಲಿ ‘ಹ್ಯಾವ್ ಯು?’ ಬೇಕು.

‘ಶುಡಂಟ್ ಹ್ಯಾವ್’, ‘ಕುಡಂಟ್ ಹ್ಯಾವ್’, ‘ನೀಡಂಟ್ ಹ್ಯಾವ್’ ಎಲ್ಲಾ ಒಂದೇ ಥರ ಕೇಳುತ್ತವೆ. ಹೇಗೆ ಬೇರೆ ಮಾಡುವುದು?

ಮತ್ತೆ ಕನ್ನಡವನ್ನೇ ಕೈ ಹಿಡಿದುಕೊಳ್ಳಿ. ‘ಹೇಳು’ ಅನ್ನುವ ಒಂದೇ ಪದದಿಂದ ಎಲ್ಲವನ್ನೂ ಕಟ್ಟಬಹುದು.

‘ಅವನಿಗೆ ಹೇಳಬಾರದಿತ್ತು’ ಅಂದರೆ ‘ಐ ಶುಡಂಟ್ ಹ್ಯಾವ್ ಟೋಲ್ಡ್ ಹಿಮ್’. ಹೇಳಿ ಆಗಿದೆ, ಈಗ ಪಶ್ಚಾತ್ತಾಪ. ‘ಗೊತ್ತಿದ್ದರೆ ಹೇಳ್ತಿರಲಿಲ್ಲ’ ಅಂದರೆ ‘ಐ ವುಡಂಟ್ ಹ್ಯಾವ್ ಟೋಲ್ಡ್ ಹಿಮ್’. ‘ಅವಳು ಹೇಳಿರಲಿಕ್ಕಿಲ್ಲ’ ಅಂದರೆ ‘ಶಿ ಮೈಟ್ ನಾಟ್ ಹ್ಯಾವ್ ಟೋಲ್ಡ್ ಹಿಮ್’, ಬರೀ ಊಹೆ. ‘ಅವಳು ಹೇಳಿರೋಕೆ ಸಾಧ್ಯವೇ ಇಲ್ಲ’ ಅಂದರೆ ಬ್ರಿಟನ್ನಿನಲ್ಲಿ ‘ಶಿ ಕಾಂಟ್ ಹ್ಯಾವ್ ಟೋಲ್ಡ್ ಹಿಮ್’, ಅಮೆರಿಕದಲ್ಲಿ ಹೆಚ್ಚಾಗಿ ‘ಕುಡಂಟ್ ಹ್ಯಾವ್’. ‘ನನ್ನ ಮೆಸೇಜ್ ನೋಡಿಲ್ಲ ಅನ್ಸುತ್ತೆ’ ಅನ್ನುವ ಜಾಗದಲ್ಲಿ ಅಮೆರಿಕದವರು ‘ಹಿ ಮಸ್ಟ್ ನಾಟ್ ಹ್ಯಾವ್ ಸೀನ್ ಇಟ್’ ಅನ್ನುವುದನ್ನೂ ಕೇಳುತ್ತೀರಿ.

‘ಹೇಳಬೇಕಾಗಿರಲಿಲ್ಲ’ದಲ್ಲಿ ಮಾತ್ರ ಒಂದು ಸೂಕ್ಷ್ಮ ಇದೆ. ಫ್ರಿಜ್ಜಿನಲ್ಲಿ ಹಾಲು ಇದ್ದದ್ದು ಗೊತ್ತಿಲ್ಲದೆ ತಂದುಬಿಟ್ಟಿರಿ. ಆಗ ‘ಯು ನೀಡಂಟ್ ಹ್ಯಾವ್ ಬಾಟ್ ಮಿಲ್ಕ್’. ತಂದಾಗಿದೆ, ಸುಮ್ನೆ ತಂದಿರಿ. ‘ಐ ಡಿಡಂಟ್ ನೀಡ್ ಟು ಬೈ ಮಿಲ್ಕ್’ ಅಂದರೆ ತರುವ ಅಗತ್ಯ ಇರಲಿಲ್ಲ ಅಷ್ಟೇ. ತಂದಿರೋ ಇಲ್ಲವೋ ಅದು ಹೇಳುವುದಿಲ್ಲ. ಅಮೆರಿಕದಲ್ಲಿ ‘ನೀಡಂಟ್ ಹ್ಯಾವ್’ ಅಪರೂಪ, ಅಲ್ಲಿ ‘ಡಿಡಂಟ್ ಹ್ಯಾವ್ ಟು’ ಒಂದರಲ್ಲೇ ಎರಡೂ ನಡೆದುಹೋಗುತ್ತದೆ.

ಇನ್ನೊಂದು ಬಹಳ ಚೆಂದದ್ದು, ‘ವೋಂಟ್ ಹ್ಯಾವ್’. ಪಾಠದಲ್ಲಿ ಇದನ್ನು ‘ಫ್ಯೂಚರ್’ ಅಂತ ಕಲಿಸುತ್ತಾರೆ: ‘ಐ ವೋಂಟ್ ಹ್ಯಾವ್ ಫಿನಿಶ್ಡ್ ಬೈ ಫ್ರೈಡೇ’, ಶುಕ್ರವಾರದೊಳಗೆ ಮುಗಿದಿರೋದಿಲ್ಲ. ಆದರೆ ಈಗಿನ ಹೊತ್ತಿನ ಊಹೆಗೂ ಬಳಸುತ್ತಾರೆ, ಬ್ರಿಟನ್ನಿನಲ್ಲಿ ಜಾಸ್ತಿ. ಬೆಂಗಳೂರಿನಿಂದ ಏಳಕ್ಕೆ ಹೊರಟವರ ಬಗ್ಗೆ ಏಳೂವರೆಗೆ ಯಾರಾದರೂ ಕೇಳಿದರೆ ‘ಇಷ್ಟು ಬೇಗ ತುಮಕೂರು ತಲುಪಿರಲ್ಲ’ ಅನ್ನುತ್ತೇವಲ್ಲ, ಅದೇ: ‘ದೇ ವೋಂಟ್ ಹ್ಯಾವ್ ರೀಚ್ಡ್ ತುಮಕೂರು ಯೆಟ್’. ‘ತಲುಪಿರಲ್ಲ’ ಅನ್ನುವ ಒಂದೇ ಪದಕ್ಕೆ ಅವರು ಮೂರು ಖರ್ಚು ಮಾಡುತ್ತಾರೆ.

ಉಡುಗೊರೆ ಕೊಟ್ಟಾಗ ‘ಯು ಶುಡಂಟ್ ಹ್ಯಾವ್!’ ಅಂದರು. ಬೇಜಾರಾಯಿತಾ ಅವರಿಗೆ?

ಇಲ್ಲ, ಖುಷಿಯಾಗಿದೆ. ನೆಂಟರು ಹಣ್ಣಿನ ಚೀಲ ಹಿಡಿದು ಬಂದಾಗ ‘ಅಯ್ಯೋ, ಯಾಕೆ ಸುಮ್ನೆ ಇದೆಲ್ಲ ತರೋಕೆ ಹೋದ್ರಿ?’ ಅನ್ನುತ್ತಲೇ ಚೀಲಕ್ಕೆ ಕೈ ಚಾಚುತ್ತೇವಲ್ಲ, ಅದು. ‘ಐ ಕುಡಂಟ್ ಹ್ಯಾವ್ ಡನ್ ಇಟ್ ವಿದೌಟ್ ಯು’ ಕೂಡ ಹೊಗಳಿಕೆ. ‘ಕುಡಂಟ್ ಹ್ಯಾವ್ ಬೀನ್ ಬೆಟರ್’ ಅಂದರೆ ಇದಕ್ಕಿಂತ ಚೆನ್ನಾಗಿ ಆಗೋಕೆ ಸಾಧ್ಯವೇ ಇರಲಿಲ್ಲ ಅಂತ.

ವಾಟ್ಸ್ಆ್ಯಪ್‌ನಲ್ಲಿ ‘ಶುಡಂಟ್ ಆಫ್’ ಅಂತ ಬರೆಯುತ್ತಾರಲ್ಲ?

‘ಶುಡಂಟ್ ಹ್ಯಾವ್’ ವೇಗವಾಗಿ ಹೇಳಿದಾಗ ‘ಶುಡಂಟವ್’ ಅಂತ ಕೇಳುತ್ತದೆ. ಆ ‘ಅವ್’ ಸದ್ದು ‘ಕಪ್ ಆಫ್ ಟೀ’ಯಲ್ಲಿರುವ ‘ಆಫ್’ ಪದದ ಸದ್ದೂ ಹೌದು. ಕಿವಿಯಿಂದ ಬರೆಯುವವರು ಹಾಗೆ ಬರೆದುಬಿಡುತ್ತಾರೆ. ಇಂಗ್ಲಿಷ್ ಮನೆಮಾತಿನವರೇ ಹೆಚ್ಚು ಮಾಡುವ ತಪ್ಪು ಇದು. ಓದಿ ಕಲಿತ ನಮಗೆ ಈ ಕಾಟ ಕಡಿಮೆ.

‘ಐ’ವ್ ನಾಟ್’ ಸರಿಯಾ, ‘ಐ ಹ್ಯಾವಂಟ್’ ಸರಿಯಾ?

ಎರಡೂ ಸರಿ. ‘ಐ’ವ್ ನಾಟ್ ಸೀನ್ ಇಟ್’ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಹೆಚ್ಚು. ಅಮೆರಿಕದಲ್ಲಿ ‘ಹ್ಯಾವಂಟ್’ ಪ್ರಬಲ.

‘ಹೀಸ್ ನಾಟ್’ ಬಂದಾಗ ಎಚ್ಚರ. ‘ಹೀಸ್ ನಾಟ್ ಕಮಿಂಗ್’ನಲ್ಲಿ ಅದು ‘ಇಸ್’, ‘ಹೀಸ್ ನಾಟ್ ಕಾಲ್ಡ್’ನಲ್ಲಿ ‘ಹ್ಯಾಸ್’. ಮುಂದಿನ ಪದ ನೋಡಿದರೆ ಗೊತ್ತಾಗುತ್ತದೆ.

‘ಏಂಟ್’ ಅಂದರೇನು?

ಸಿನಿಮಾದಲ್ಲಿ, ಹಾಡಿನಲ್ಲಿ ‘ಐ ಏಂಟ್ ಸೀನ್ ಹಿಮ್’ ಅಂತ ಕೇಳಿರುತ್ತೀರಿ. ಇಲ್ಲಿ ‘ಹ್ಯಾವಂಟ್’ ಜಾಗದಲ್ಲಿ ‘ಏಂಟ್’ ಕೂತಿದೆ. ‘ಆಮ್ ನಾಟ್’, ‘ಇಸಂಟ್’, ‘ಹ್ಯಾಸಂಟ್’ ಜಾಗದಲ್ಲೂ ಕೂರುತ್ತದೆ. ಬಹಳ ಜನರ ಮನೆಮಾತಿನಲ್ಲಿ ಜೀವಂತ ಇದೆ, ಅದನ್ನು ಕೀಳಾಗಿ ಕಾಣಬೇಕಿಲ್ಲ. ಇಂಟರ್‌ವ್ಯೂನಲ್ಲಿ ಮಾತ್ರ ಬೇಡ.

ಇದರ ಜೊತೆಗೇ ಬರುವುದು ‘ಐ ಹ್ಯಾವಂಟ್ ಡನ್ ನಥಿಂಗ್’ ಥರದ ಎರಡು ನಿಷೇಧ. ಹಳೆಯ ಇಂಗ್ಲಿಷಿನಲ್ಲಿ ಇದು ಮಾಮೂಲಿ, ಚಾಸರ್ ಕವಿಯೂ ಧಾರಾಳವಾಗಿ ಬಳಸಿದ್ದಾನೆ. 1762ರಲ್ಲಿ ರಾಬರ್ಟ್ ಲೌತ್ ಅನ್ನುವ ಪಾದ್ರಿ ಬರೆದ ವ್ಯಾಕರಣದ ಒಂದು ಆವೃತ್ತಿಯಲ್ಲಿ, ಇಂಗ್ಲಿಷಿನಲ್ಲಿ ಎರಡು ನಿಷೇಧಗಳು ಒಂದನ್ನೊಂದು ಹೊಡೆದುಹಾಕುತ್ತವೆ ಅನ್ನುವ ನಿಯಮ ಇದೆ. ಶಾಲೆಗಳು ಅದನ್ನೇ ಹಿಡಿದವು. ಜನರ ಬಾಯಿ ಅಷ್ಟು ಲೆಕ್ಕ ನೋಡುವುದಿಲ್ಲ. ನೀವು ‘ಐ ಹ್ಯಾವಂಟ್ ಡನ್ ಎನಿಥಿಂಗ್’ ಅನ್ನಿ.

‘ಹ್ಯಾವಂಟ್ ಗಾನ್’ ಸರಿಯಾ ‘ಹ್ಯಾವಂಟ್ ಬೀನ್’ ಸರಿಯಾ?

‘ನಾನು ಹಂಪಿಗೆ ಹೋಗಿಲ್ಲ’, ಅಂದರೆ ಹಂಪಿ ನೋಡಿಲ್ಲ ಅಂತಾದರೆ ‘ಐ ಹ್ಯಾವಂಟ್ ಬೀನ್ ಟು ಹಂಪಿ’. ‘ಅವನು ಇನ್ನೂ ಹೋಗಿಲ್ಲ, ಇಲ್ಲೇ ಇದ್ದಾನೆ’ ಅಂತಾದರೆ ‘ಹಿ ಹ್ಯಾಸಂಟ್ ಗಾನ್ ಯೆಟ್’. ಹೋಗಿ ವಾಪಸ್ ಬರುವ ಅನುಭವ ‘ಬೀನ್’, ಹೊರಟುಬಿಡುವುದು ‘ಗಾನ್’. ಇನ್ನು ‘ಹ್ಯಾವಂಟ್ ವೆಂಟ್’, ‘ಹ್ಯಾವಂಟ್ ಸಾ’ ಬೇಡವೇ ಬೇಡ. ಎರಡನೇ ರೂಪಕ್ಕೆ ಇಲ್ಲಿ ಜಾಗ ಇಲ್ಲ.

‘ಐ ಹ್ಯಾವಂಟ್ ಸ್ಲೆಪ್ಟ್’ ಮತ್ತು ‘ಐ ಹ್ಯಾವಂಟ್ ಬೀನ್ ಸ್ಲೀಪಿಂಗ್’ ನಡುವೆ?

ಮೊದಲನೆಯದು ‘ನಿದ್ದೆ ಮಾಡಿಲ್ಲ’. ಎರಡನೆಯದು, ಸಾಮಾನ್ಯವಾಗಿ ‘ವೆಲ್’ ಸೇರಿಸಿ, ‘ಇತ್ತೀಚೆಗೆ ಸರಿಯಾಗಿ ನಿದ್ದೆ ಬರ್ತಿಲ್ಲ’. ಡಾಕ್ಟರ ಹತ್ತಿರ ಬೇಕಾಗುವುದು ಎರಡನೆಯದು. ‘ಐ ಹ್ಯಾವಂಟ್ ಬೀನ್ ಫೀಲಿಂಗ್ ವೆಲ್’ ಅಂದರೆ ಕೆಲವು ದಿನಗಳಿಂದ ಮೈ ಸರಿಯಿಲ್ಲ. ‘ಮಾಡೋಕೆ ಆಗಿಲ್ಲ’ ಅನ್ನುವುದಕ್ಕೆ ‘ಐ ಹ್ಯಾವಂಟ್ ಬೀನ್ ಏಬಲ್ ಟು’. ಕೆಲಸ ತಡವಾದಾಗ ಇಷ್ಟು ಉಪಯೋಗಕ್ಕೆ ಬರುವ ಮಾತು ಇನ್ನೊಂದಿಲ್ಲ.

ಯಾರೋ ಫೈಲ್ ಕಳಿಸಿಲ್ಲ. ಜಗಳ ಆಗದ ಹಾಗೆ ಹೇಗೆ ಬರೆಯುವುದು?

‘ಯು ಹ್ಯಾವ್ ನಾಟ್ ಸೆಂಟ್ ದ ಫೈಲ್’ ವ್ಯಾಕರಣದಲ್ಲಿ ಸರಿ, ಮೂಗಿಗೆ ಬೆರಳು ತೋರಿಸಿದಂತೆ ಇದೆ. ‘ಯು’ ತೆಗೆದು ‘ಐ’ ಹಾಕಿ: ‘ಐ ಹ್ಯಾವಂಟ್ ರಿಸೀವ್ಡ್ ದ ಫೈಲ್ ಯೆಟ್’. ಇನ್ನೂ ಮೆತ್ತಗೆ ಬೇಕಾದರೆ ‘ಐ ಡೋಂಟ್ ಥಿಂಕ್ ಐ’ವ್ ರಿಸೀವ್ಡ್ ದ ಫೈಲ್’. ಇಲ್ಲಿ ‘ನಾಟ್’ ಮುಂದೆ ಹಾರಿ ‘ಥಿಂಕ್’ ಮೇಲೆ ಕೂತಿದೆ, ಗಮನಿಸಿ. ನಾವು ‘ಬಂದಿಲ್ಲ ಅನ್ಸುತ್ತೆ’ ಅಂತ ‘ಇಲ್ಲ’ವನ್ನು ಬರುವ ಕೆಲಸಕ್ಕೇ ಅಂಟಿಸುತ್ತೇವೆ. ಅದೇ ಅಭ್ಯಾಸದಲ್ಲಿ ‘ಐ ಥಿಂಕ್ ಐ ಹ್ಯಾವಂಟ್ ರಿಸೀವ್ಡ್’ ಅನ್ನುತ್ತೇವೆ. ಅದು ತಪ್ಪಲ್ಲ, ಕೇಳೋಕೆ ಸ್ವಲ್ಪ ಒರಟು. ಹೊಸಬರನ್ನು ಭೇಟಿಯಾದಾಗಲೂ ‘ಐ ಡೋಂಟ್ ಥಿಂಕ್ ವಿ’ವ್ ಮೆಟ್’ ಅನ್ನುವುದೇ ವಾಡಿಕೆ.

ಯಾರ ಹೆಸರೂ ಎತ್ತದೆ ಬರೆಯಬೇಕೆಂದರೆ ‘ದ ಅಮೌಂಟ್ ಹ್ಯಾಸ್ ನಾಟ್ ಬೀನ್ ಕ್ರೆಡಿಟೆಡ್’. ಹಣ ಜಮಾ ಆಗಿಲ್ಲ. ಯಾರು ಮಾಡಿಲ್ಲ ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಬ್ಯಾಂಕುಗಳಿಗೂ ಸರ್ಕಾರಿ ಕಚೇರಿಗಳಿಗೂ ಈ ವಾಕ್ಯ ಯಾಕೆ ಇಷ್ಟ ಅಂತ ಬೇರೆ ಹೇಳಬೇಕಾ? ದೂರು ಕೊಡುವಾಗ ನಾವೂ ಬಳಸಬಹುದು, ಆದರೆ ತಾರೀಖು ಸೇರಿಸಿ: ‘ದ ರಿಫಂಡ್ ರೇಸ್ಡ್ ಆನ್ 3 ಜೂನ್ ಹ್ಯಾಸ್ ನಾಟ್ ಬೀನ್ ಕ್ರೆಡಿಟೆಡ್ ಸೋ ಫಾರ್’. ತಾರೀಖು ಸೇರಿದ್ದು ‘ರೇಸ್ಡ್’ ಅನ್ನುವುದಕ್ಕೆ, ‘ಹ್ಯಾಸ್ ನಾಟ್’ಗೆ ಅಲ್ಲ. ಹಾಗಾಗಿ ಹಿಂದೆ ಹೇಳಿದ ‘ಯೆಸ್ಟರ್‌ಡೇ’ ನಿಯಮ ಮುರಿಯುವುದಿಲ್ಲ.

‘ಹ್ಯಾವಂಟ್ ಯು ಗ್ರೋನ್!’ ಅಂತ ಮಗುವಿಗೆ ಹೇಳಿದರು. ಬೆಳೆದಿಲ್ಲ ಅಂತಾನಾ?

ಎಷ್ಟು ಬೆಳೆದುಬಿಟ್ಟಿದ್ದೀಯ ಅಂತ! ಪ್ರಶ್ನೆಯ ರೂಪದ ಉದ್ಗಾರ, ಬ್ರಿಟನ್ನಿನ ಹಿರಿಯರ ಬಾಯಲ್ಲಿ ಜಾಸ್ತಿ. ಕೊನೆಗೆ ದನಿ ಏರದೆ ಇಳಿಯುತ್ತದೆ, ಅದೇ ಗುರುತು.

ಸಿನಿಮಾ ನೋಡುವಾಗ ‘ಹ್ಯಾವಂಟ್’ನ ‘ಟ್’ ಕೇಳಿಸುವುದೇ ಇಲ್ಲ. ‘ಇಲ್ಲ’ ಅಂತ ಹೇಗೆ ಗೊತ್ತಾಗಬೇಕು?

‘ಟ್’ಗಾಗಿ ಕಾಯಬೇಡಿ, ಅದು ಹೆಚ್ಚಿನ ಸಲ ಬಾಯಲ್ಲೇ ಉಳಿದುಬಿಡುತ್ತದೆ. ‘ಹ್ಯಾವಂಟ್ ಬೀನ್’ ಸರಸರ ಹೇಳಿದಾಗ ‘ಹ್ಯಾವಮ್‌ಬಿನ್’ ಆಗುತ್ತದೆ. ‘ಹ್ಯಾವ್’ ಮೇಲಿನ ಒತ್ತು ಹಿಡಿಯಿರಿ. ‘ಐ’ವ್ ಸೀನ್ ಇಟ್’ನಲ್ಲಿ ‘ಹ್ಯಾವ್’ ಕರಗಿ ಬರೀ ‘ವ್’ ಉಳಿದಿರುತ್ತದೆ, ಒತ್ತು ‘ಸೀನ್’ ಮೇಲೆ. ‘ಐ ಹ್ಯಾವಂಟ್ ಸೀನ್ ಇಟ್’ನಲ್ಲಿ ‘ಹ್ಯಾ’ ಪೂರ್ತಿಯಾಗಿ, ಗಟ್ಟಿಯಾಗಿ ಕೇಳುತ್ತದೆ. ‘ಹ್ಯಾ’ ಜೋರಾಗಿದ್ದು ಅದರ ಹಿಂದೆಯೇ ‘ನ’ ಮಿಂಚಿದರೆ ಬಹುಪಾಲು ಅದು ‘ಇಲ್ಲ’.

‘ಐ ಹ್ಯಾವಂಟ್ ಗಾಟ್ ಚೇಂಜ್’, ‘ಐ ಹ್ಯಾವಂಟ್ ಎ ಕ್ಲೂ’ ಇವೂ ಇದೇ ಗುಂಪಾ?

ನೋಡೋಕೆ ಹಾಗಿವೆ, ಅಲ್ಲ. ಇಲ್ಲಿ ‘ಹ್ಯಾವಂಟ್ ಗಾಟ್’ ಅಂದರೆ ‘ನನ್ನ ಹತ್ತಿರ ಇಲ್ಲ’ ಅಂತ ಅಷ್ಟೇ, ‘ಸಿಕ್ಕಿಲ್ಲ’ ಅಂತಲ್ಲ. ಬ್ರಿಟನ್ನಿನಲ್ಲಿ ದಿನಬಳಕೆಯ ಮಾತು. ಅಮೆರಿಕದವರು ‘ಐ ಡೋಂಟ್ ಹ್ಯಾವ್’ ಅನ್ನುತ್ತಾರೆ, ‘ಇನ್ನೂ ಸಿಕ್ಕಿಲ್ಲ’ ಅನ್ನುವುದಕ್ಕೆ ‘ಹ್ಯಾವಂಟ್ ಗಾಟನ್’ ಅಂತ ಬೇರೆಯೇ ರೂಪ ಇಟ್ಟುಕೊಂಡಿದ್ದಾರೆ. ‘ಹ್ಯಾವಂಟ್ ಎ ಕ್ಲೂ’ ಅಂದರೆ ಏನೂ ಗೊತ್ತಿಲ್ಲ ಅಂತ. ಅದರಲ್ಲಿ ಮೂರನೇ ರೂಪವೇ ಇಲ್ಲ. ಹಳೆಯ ಕಾಲದ ‘ಹ್ಯಾವ್’ ಇಂಥ ಕೆಲವು ನುಡಿಗಟ್ಟುಗಳಲ್ಲಿ ಹಾಗೇ ಉಳಿದುಕೊಂಡಿದೆ. ಅದನ್ನು ನೋಡಿಕೊಂಡು ‘ಐ ಹ್ಯಾವಂಟ್ ಎ ಬೈಕ್’ ಅಂತ ಹೊಸದಾಗಿ ಕಟ್ಟಲು ಹೋಗಬೇಡಿ, ಅಲ್ಲಿ ‘ಐ ಡೋಂಟ್ ಹ್ಯಾವ್ ಎ ಬೈಕ್’ ಸಾಕು.